ವಾಸನೆ ಹಾಕಿದ ಗ್ಯಾಸು

ಪೆಟ್ರೋಲ್ ಕಾರಿಗಿಂತ ಗ್ಯಾಸಿನ ಕಾರು ಅಪಾಯ ಎನ್ನುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಹುಬ್ಬಳ್ಳಿಯ ಇಂಧನ ಸುರಕ್ಷಾ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಇದನ್ನೇ ಅಳೆದು ತೂಗಿದವಳು ನಾನು, ಇಂದುಮತಿ. ಒಡೆದ ಟ್ಯಾಂಕಿನಿಂದ ಪೆಟ್ರೋಲು ಸುರಿದರೆ ನೆಲ ಹಿಡಿಯುತ್ತದೆ. ಅದರ ಆವಿ ಗಾಳಿಗಿಂತ ಭಾರ. ಕಾರಿನ ಕೆಳಗೆ, ಹೊಸ್ತಿಲ ಸಂದಿಯಲ್ಲಿ, ಗಟಾರದಲ್ಲಿ ತೆವಳಿಕೊಂಡು ಹೋಗಿ ಎಲ್ಲೋ ಒಂದು ಕಿಡಿ ಸಿಗುವವರೆಗೆ ಕಾಯುತ್ತದೆ. ನಮ್ಮ ಕಾರುಗಳ ಗ್ಯಾಸು, ಅಂದರೆ ಜಲಜನಕ, ಹಾಗಲ್ಲ. ಬಿಟ್ಟರೆ ಸಾಕು, ಮೇಲಕ್ಕೆ ಓಡಿ ಆಕಾಶ ಸೇರಿಬಿಡುತ್ತದೆ. ಬಯಲಿನಲ್ಲಿ ಸೋರಿದ ಜಲಜನಕ ಯಾರ ಮೇಲೂ ಹಗೆ ಸಾಧಿಸುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಮಾತ್ರ ಅದನ್ನು ನಂಬಬಾರದು. ಅಲ್ಲಿ ಅದು ಸೂರಿನ ಕೆಳಗೆ ಸೇರಿಕೊಳ್ಳುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಆಯಿತೆಂದರೆ ಒಂದು ದೀಪದ ಕುಡಿ ಸಾಕು.

ಅದರ ದೊಡ್ಡ ಕೊರತೆ ಬೇರೆಯೇ ಇತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊತ್ತಿಕೊಂಡರೆ ಹಗಲಿನಲ್ಲಿ ಉರಿಯೂ ಸರಿಯಾಗಿ ಕಾಣುವುದಿಲ್ಲ. ಅಡುಗೆ ಗ್ಯಾಸಿಗೆ ಹಾಕುವ ಗಬ್ಬು ವಾಸನೆಯನ್ನೇ ಇದಕ್ಕೂ ಹಾಕೋಣವೆಂದರೆ, ಅದರ ಗಂಧಕ ಕಾರಿಗೆ ಕರೆಂಟು ಕೊಡುವ ಕೋಶವನ್ನು ಕೆಲವೇ ತಿಂಗಳಲ್ಲಿ ಹಾಳುಮಾಡುತ್ತಿತ್ತು. ಹಾಗಾದರೆ ಸೋರಿದ್ದು ಜನರಿಗೆ ತಿಳಿಯುವುದು ಹೇಗೆ?

ನಮ್ಮ ಮುಖ್ಯಸ್ಥರಾದ ಹೆರ್ಲೇಕರ ಸರ್ ಒಂದು ದಿನ ಚಹಾ ಕುಡಿಯುತ್ತ ಕೇಳಿದರು. "ಅಲ್ಲಾ ಇಂದುಮತಿ, ಮೂಗಿಗೆ ವಾಸನಿ ಕೊಡೋದ ಬ್ಯಾಡ. ಮೂಗಿನ ಹಿಂದ ನೆನಪಿನ ಬಾಗಲ ಐತಲಾ, ಅದನ್ನ ಬಡದ್ರ ಹ್ಯಾಂಗ?"

ಹಾಗೆ ಹುಟ್ಟಿದ್ದು 'ಸೂಚಕ ಏಳು', ಗ್ಯಾಸಿಗೆ ಬೆರೆಸಲು ನಾವು ಮಾಡಿದ ಏಳನೆಯ ಔಷಧ. ಅದಕ್ಕೆ ಸ್ವಂತ ವಾಸನೆ ಇಲ್ಲ. ಮೂಗಿನ ನರದ ಮೂಲಕ ಮಿದುಳಿನೊಳಗೆ ಹೋಗಿ, ಅಲ್ಲಿ ಅತಿ ಆಳವಾಗಿ ಕೂತಿರುವ ಒಂದು ವಾಸನೆಯನ್ನು ಎಬ್ಬಿಸುತ್ತದೆ. ಇಂಜಿನಿಯರಿಂಗ್ ಹಾಸ್ಟೆಲಿನ ನಲವತ್ತು ಹುಡುಗರನ್ನು ಕೂರಿಸಿ ಪರೀಕ್ಷೆ ಮಾಡಿದೆವು. ಒಬ್ಬನಿಗೆ ಸುಟ್ಟ ಕೂದಲ ವಾಸನೆ ಬಂತು, ಇನ್ನೊಬ್ಬನಿಗೆ ಚಿಕ್ಕಂದಿನಲ್ಲಿ ಕಚ್ಚಿದ ನಾಯಿಯ ಬಾಯಿಯ ವಾಸನೆ, ಮತ್ತೊಬ್ಬನಿಗೆ ಪಾಳುಬಾವಿಯ ವಾಸನೆ. ನಾಲ್ಕು ಸೆಕೆಂಡಿನಲ್ಲಿ ನಲವತ್ತೂ ಮಂದಿ ಕೋಣೆಯಿಂದ ಹೊರಗೆ ಓಡಿದರು. ಹೆರ್ಲೇಕರ ಸರ್ ಎಲ್ಲರಿಗೂ ಪೇಡೆ ಹಂಚಿದರು, ನಾನೂ ಎರಡು ತಿಂದೆ. ಅಳತೆಯ ಕೆಲಸ ಮಾಡುವವರು ಸೂಚಕವನ್ನು ಮೂಸಬಾರದು ಎಂಬ ನಿಯಮವಿದ್ದುದರಿಂದ ನಾನು ಅದನ್ನು ಎಂದೂ ಮೂಸಲಿಲ್ಲ.

ಆ ನಲವತ್ತೂ ಮಂದಿ ಇಪ್ಪತ್ತರ ಆಸುಪಾಸಿನವರು. ಅವರಲ್ಲಿ ಯಾರೂ ಇನ್ನೂ ಯಾರಿಗೂ ಮಣ್ಣು ಕೊಟ್ಟು ಬಂದಿರಲಿಲ್ಲ. ಅದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲವಲ್ಲ! ಓದಿದ ಮುಕ್ಕರು ಅನ್ನುತ್ತಾರಲ್ಲ, ಅದು ನಾವೇ.

ಮೂರು ವರ್ಷಗಳಲ್ಲಿ ಅವಳಿನಗರದ ರಸ್ತೆಗಳಲ್ಲಿ ಒಂಬತ್ತು ಸಾವಿರ ಗ್ಯಾಸಿನ ಕಾರುಗಳು ಓಡಾಡತೊಡಗಿದವು. ಸೋರಿಕೆಯ ದೂರುಗಳು ಮೊದಲ ವರ್ಷ ಆರುನೂರು, ಎರಡನೆಯ ವರ್ಷ ತೊಂಬತ್ತು, ಮೂರನೆಯ ವರ್ಷ ಏಳು. ಮೇಲಿನವರು ನಮಗೆ ಶಾಲು ಹೊದಿಸಿದರು. ಆದರೆ ನಿಯಂತ್ರಣ ಕೋಣೆಯಲ್ಲಿ ನನ್ನ ಮುಂದಿನ ಪರದೆ ಬೇರೆಯದನ್ನೇ ಹೇಳುತ್ತಿತ್ತು. ಪ್ರತಿ ಕಾರಿನ ಸಿಲಿಂಡರಿನ ಒತ್ತಡ ಅಲ್ಲಿಗೆ ಬರುತ್ತದೆ. ಓಡದೆ ನಿಂತ ಕಾರುಗಳಿಂದ ದಿನದಿನಕ್ಕೂ ಹೆಚ್ಚು ಗ್ಯಾಸು ಹೋಗುತ್ತಿತ್ತು. ಸೋರುತ್ತಿದೆ, ಆದರೂ ಯಾರೂ ದೂರುತ್ತಿಲ್ಲ.

ಕಾರಣ ತಿಳಿಯಲು ಗೋಕುಲ ರಸ್ತೆಯ ಗ್ಯಾರೇಜಿಗೆ ಹೋದೆ. ಅಲ್ಲಿನ ಫಿಟ್ಟರ್ ದಾವಲಸಾಬ ನನಗೆ ಹಳೆಯ ಪರಿಚಯ.

"ಮೊದಲೆಲ್ಲಾ ಮಂದಿ, ಸೋರಾಕತ್ತೈತಿ ಬಿಗಿ ಮಾಡೋ ಅಂತ ಓಡಿ ಬರ್ತಿದ್ರು ಮೇಡಮ್ಮಾರ" ಎಂದ. "ಈಗ ಬಿಗಿ ಮಾಡಿದ್ರ ಜಗಳಕ್ಕ ಬರ್ತಾರ್ರೀ."

"ಯಾಕ?"

ಅವನು ಅರಿವೆಯಿಂದ ಕೈ ಒರೆಸಿಕೊಂಡ. "ಮೊನ್ನೆ ಒಬ್ರು ರಿಟೈರ್ಡ್ ಮಾಸ್ತರು ಬಂದಿದ್ರು. ಸಿಲಿಂಡರ್ ಕುತ್ತಿಗಿ ಮ್ಯಾಲೆ ಗ್ಯಾಸ್ ಬಸಿಯೋ ತಿರುಪು ಐತಲ್ರೀ, ಅದು ಸಡ್ಲ ಇತ್ತು. ಬಿಗಿ ಮಾಡಿ ಕಳಿಸಿದೆ. ಮರುದಿನ ಬಂದು ಅತ್ತಬಿಟ್ರು ಯವ್ವಾ, ಸಣ್ಣ ಹುಡುಗರ ಗತೆ. ದಾವಲಸಾಬ, ನನ್ನ ಹೇಣ್ತೀನ ಮತ್ತೊಮ್ಮಿ ಯಾಕ ಮಣ್ಣ ಮಾಡಿದ್ಯೋ ಅಂದ್ರು."

"ನೀ ಏನ ಮಾಡಿದಿ?"

"ಏನ ಮಾಡ್ಲ್ರೀ? ಮತ್ತ ಕಾಲ ಸುತ್ತು ಸಡ್ಲ ಮಾಡಿ ಕೊಟ್ಟೆ." ಅರಿವೆಯನ್ನು ಹೆಗಲಿಗೆ ಹಾಕಿಕೊಂಡು ಹೇಳಿದ. "ಬಿಚ್ಚುವಾಗ ನಂಗೂ ನಮ್ಮವ್ವ ರೊಟ್ಟಿ ಸುಡೋ ವಾಸನಿ ಬಂತು. ಅಕಿ ಹೋಗಿ ಹನ್ನೊಂದ ವರ್ಷ ಆತು."

ಪ್ರಯೋಗಾಲಯಕ್ಕೆ ಮರಳಿ ಪರದೆಯನ್ನು ಬೇರೆ ರೀತಿಯಲ್ಲಿ ಕೇಳಿದೆ. ನಿಂತಿರಬೇಕು, ಮೋಟಾರು ಬಂದಾಗಿರಬೇಕು, ನಾಲ್ಕೂ ಕಿಟಕಿ ಮೇಲಿರಬೇಕು, ಆದರೂ ಸೀಟಿನಲ್ಲಿ ಯಾರೋ ಕೂತ ಭಾರವಿರಬೇಕು. ಅಂಥ ಕಾರುಗಳೆಷ್ಟು? ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ, ಈ ಎರಡು ಊರುಗಳಲ್ಲಿ, ಮುನ್ನೂರ ಹನ್ನೆರಡು. ಒಂದೊಂದರಲ್ಲೂ ಒಬ್ಬೊಬ್ಬರು ಅಲ್ಲಾಡದೆ ಕೂತಿದ್ದರು. ಇನ್ನೊಂದು ವಿಷಯ ನೋಡಿ ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡೆ. ಆ ಕಾರುಗಳಲ್ಲಿ ಬಹಳಷ್ಟರಲ್ಲಿ ಪಕ್ಕದ ಸೀಟಿನ ಭಾರ ಸೊನ್ನೆ, ಆದರೆ ಅದರ ಬೆಲ್ಟು ಹಾಕಿತ್ತು.

ಪಟ್ಟಿಯನ್ನು ಕೆಳಗಿನವರೆಗೂ ಓದಿದೆ. ನೂರ ನಲವತ್ತನೆಯದು ಹಳೇ ಹುಬ್ಬಳ್ಳಿಯ ಒಂದು ಬಾಡಿಗೆ ಕಾರು. ದಿನಾಲೂ ಎರಡು ಗಂಟೆಯಿಂದ ಮೂರೂವರೆಯವರೆಗೆ, ಸೀಟಿನ ಭಾರ ನಲವತ್ತೇಳು ಕಿಲೋ. ಆ ಕಾರು ನನ್ನ ತಂಗಿಯ ಗಂಡ ಚನ್ನವೀರನದು.

ನನ್ನ ತಂಗಿ ನೀಲಾಂಬಿಕಾಗೆ ಒಬ್ಬಳೇ ಮಗಳಿದ್ದಳು, ಮೈನಾ. ಎರಡು ವರ್ಷದ ಹಿಂದೆ ಎಂಟು ದಿನ ಜ್ವರ ಬಂದು ಹೋಗಿಬಿಟ್ಟಳು. ಆಗ ಆರು ವರ್ಷ. ನನಗೆ ಮಕ್ಕಳಿಲ್ಲ, ಮೈನಾ ನನ್ನ ಸೆರಗು ಹಿಡಿದೇ ಬೆಳೆದವಳು. ಅವಳ ವಿಷಯ ಬಂದಾಗಲೆಲ್ಲ ನಾನು ಎದ್ದು ಕೆಲಸಕ್ಕೆ ಹೋಗಿಬಿಡುತ್ತಿದ್ದೆ. ದುಃಖ ಪಡುವುದಕ್ಕೂ ಧೈರ್ಯ ಬೇಕು, ನನ್ನಲ್ಲಿ ಅದು ಇರಲಿಲ್ಲ.

ಮರುದಿನ ಮಧ್ಯಾಹ್ನ ಸೂಚಕ ಮೂಗಿಗೆ ಹೋಗದಂತೆ ಮುಖಕ್ಕೆ ಸೋಸುಗವುಸು ಕಟ್ಟಿಕೊಂಡು ಅವರ ಮನೆಯ ಹಿಂದಿನ ತಗಡಿನ ಶೆಡ್ಡಿಗೆ ಹೋದೆ. ನೀಲಾ ಕಾರಿನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಒಂದು ಕೈ ಪಕ್ಕದ ಖಾಲಿ ಸೀಟಿನ ಮೇಲಿತ್ತು.

"ಒಳಗ ಬಾ ಅಕ್ಕಾ. ಬಾಗಲ ಲಗೂ ಹಾಕು, ಹೋಗಿಬಿಡತೈತಿ."

"ಏನ ಹೋಗತೈತಿ ನೀಲಾ?"

"ಅಕಿ ನಿದ್ದಿಯಿಂದ ಎದ್ದಾಗ ಕುತ್ತಿಗ್ಯಾಗ ಬೆವರು ಇರ್ತಿತ್ತಲಾ, ಆ ವಾಸನಿ." ಅವಳು ನಕ್ಕಳು. ಎರಡು ವರ್ಷದ ಮೇಲೆ ಅವಳು ನಕ್ಕದ್ದನ್ನು ಕಂಡೆ. "ಆ ಮಾರಿಗೆ ಕಟ್ಟಿದ್ದು ತಗಿ. ನಿನಗೂ ಬರತಾಳ."

ನಾನು ತೆಗೆಯಲಿಲ್ಲ. ಹೆದರಿಕೆಯಾಯಿತು, ಅದಕ್ಕೇ ತೆಗೆಯಲಿಲ್ಲ. ಕೋಪ ಬಂದವಳ ಹಾಗೆ ನಟಿಸಿ ಅವಳಿಗೆ ಪಾಠ ಹೇಳಿದೆ. ಇದು ಮೈನಾ ಅಲ್ಲ, ನಾವೇ ಮಾಡಿದ ಔಷಧ. ಈ ಶೆಡ್ಡಿಗೆ ಗಾಳಿಕಿಂಡಿಯಿಲ್ಲ. ಗ್ಯಾಸು ಸೂರಿಗೆ ಹತ್ತಿ ಕೂರುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಗ್ಯಾಸು ಅಳೆಯುವ ಮೀಟರು ತೋರಿಸಿ, ನೂರಕ್ಕೆ ನಾಲ್ಕು ಆದರೆ ಮುಗಿಯಿತು ಎಂದೆ. ಅವಳು ತಲೆಯಾಡಿಸಿ ಎಲ್ಲವನ್ನೂ ಕೇಳಿದಳು. ತಿರುಪನ್ನು ನಾನೇ ಬಿಗಿ ಮಾಡಿ ಬಂದೆ. ಮರುದಿನ ಎರಡು ಗಂಟೆಗೆ ಪರದೆಯ ಮೇಲೆ ಮತ್ತೆ ನಲವತ್ತೇಳು ಕಿಲೋ ಕಾಣಿಸಿತು, ಒತ್ತಡ ಮತ್ತೆ ಇಳಿಯುತ್ತಿತ್ತು.

ಚನ್ನವೀರನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಪಾಪ, ಅವನು ಪೂರ್ತಿ ಕೇಳಿಸಿಕೊಂಡ. "ಅಕ್ಕಾರ, ಅಕಿ ಎರಡ ವರ್ಷ ಒಂದ ತುತ್ತು ಸರಿಯಾಗಿ ಉಂಡಿದ್ದಿಲ್ಲ. ಈಗ ಉಣ್ಣಾಕತ್ಯಾಳ್ರೀ. ನಾ ಹ್ಯಾಂಗ ಆ ತಿರುಪು ಬಿಗಿ ಮಾಡ್ಲಿ, ನೀವ ಹೇಳ್ರಿ?"

ಹೆರ್ಲೇಕರ ಸರ್ ಮುಂದೆ ಪಟ್ಟಿ ಹಾಕಿ, ಸೂಚಕ ಏಳನ್ನು ನಾಳೆಯಿಂದಲೇ ನಿಲ್ಲಿಸಬೇಕು ಎಂದೆ. ಅವರು ಬಹಳ ಹೊತ್ತು ಹಾಳೆಗಳನ್ನು ತಿರುವಿದರು.

"ಭಯಾನ ಮೇಲೆ ಬರತೈತಿ ಅಂತ ತಿಳಕೊಂಡಿದ್ವಿ" ಎಂದರು. "ಭಯಕ್ಕಿಂತ ಕೆಳಗ ಇನ್ನೊಂದು ಇತ್ತು ನೋಡು, ಹಂಬಲ."

"ತತ್ವ ಆಮ್ಯಾಲೆ ಹೇಳ್ರಿ ಸರ್. ನಿಲ್ಲಸ್ತೀರೋ ಇಲ್ಲೋ?"

"ಒಂಬತ್ತು ಸಾವಿರ ಗಾಡಿ ಅವಾ. ದಸರಾ ಮುಗದ ಕೂಡಲೆ ಸಭಾ ಕರಿಯೋಣು. ಅಲ್ಲೀತನಕ ಒಂದ ಶೆಡ್ಡೂ ಹತ್ತಿಲ್ಲಲಾ. ಮಂದಿ ಕಾರಿನಾಗ ಬೀಡಿ ಹಚ್ಚಂಗಿಲ್ಲ, ದೀಪಾ ಹಚ್ಚಂಗಿಲ್ಲ. ಸುಮ್ನ ಕೂಡತಾರ."

ಅವರ ಮಾತು ಲೆಕ್ಕಕ್ಕೆ ಸರಿಯಾಗಿತ್ತು, ನಾನೂ ಒಪ್ಪಿ ಎದ್ದು ಬಂದೆ. ಕ್ಯಾಲೆಂಡರು ನಮ್ಮಿಬ್ಬರ ತಲೆಯ ಮೇಲೇ ತೂಗುತ್ತಿತ್ತು. ಒಬ್ಬರೂ ಕತ್ತೆತ್ತಿ ನೋಡಲಿಲ್ಲ.

ಒಂಬತ್ತು ದಿನದ ಮೇಲೆ ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಮನೆಯ ತೀರಿಹೋದವರಿಗೆ ಎಡೆ ಇಡುತ್ತಾರೆ. ಅವರಿಗೆ ಸೇರುತ್ತಿದ್ದುದನ್ನೆಲ್ಲ ಮಾಡಿ, ಬಾಳೆಲೆಯಲ್ಲಿ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ಬರುತ್ತಾರೆ. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ, ಆ ಎಡೆಯನ್ನೇ ಮನೆಯವರು ಉಣ್ಣುತ್ತಾರೆ.

ನಾನೂ ವಿದ್ಯಾನಗರದ ನಮ್ಮ ಮನೆಯಲ್ಲಿ ಅಪ್ಪ ಅವ್ವನಿಗೆ ಎಡೆ ಇಟ್ಟೆ. ಬಾಗಿಲು ಎಳೆದುಕೊಂಡು ಕಟ್ಟೆಯ ಮೇಲೆ ಬಂದು ಕೂತೆ. ಮಧ್ಯಾಹ್ನ ಹನ್ನೆರಡೂವರೆ. ಬಾಗಿಲ ಸಂದಿಯಲ್ಲಿ ದೀಪದ ಬೆಳಕು ಕಾಣುತ್ತಿತ್ತು. ಮುಚ್ಚಿದ ಕೋಣೆ, ಒಳಗೆ ಉರಿಯುವ ದೀಪ. ಅಯ್ಯೋ ಶಿವನೇ, ಎಂದು ಎದ್ದು ನಿಂತೆ. ತೀರಿಕೊಂಡವಳು ಕಾರಿನಲ್ಲಿ ಬರುತ್ತಾಳೆ ಎಂದು ನಂಬಿದವರು ಎಡೆಯನ್ನು ಅಡುಗೆಮನೆಯಲ್ಲಿ ಇಡುತ್ತಾರೆಯೆ?

ನಿಯಂತ್ರಣ ಕೋಣೆಗೆ ಫೋನು ಮಾಡಿ, ದೀಪ ಆರಿಸಿರಿ, ಬಾಗಿಲು ತೆರೆಯಿರಿ ಎಂದು ಎಲ್ಲ ಕಾರಿನವರಿಗೂ ಸಂದೇಶ ಕಳಿಸಲು ಹೇಳಿದೆ. ಸಂದೇಶ ಹೋಯಿತು. ಆದರೆ ಎಡೆಯ ಹೊತ್ತಿನಲ್ಲಿ ಫೋನು ನೋಡುವವರು ಯಾರು? ಆ ಮಧ್ಯಾಹ್ನ ಊರಿನಲ್ಲಿ ಎರಡು ಶೆಡ್ಡುಗಳ ತಗಡು ಹಾರಿಹೋಯಿತು. ಮನೆಯವರು ಪದ್ಧತಿಯಂತೆ ಹೊರಗೆ ಕೂತಿದ್ದರು, ದೇವರು ದೊಡ್ಡವನು. ನೀಲಾಳ ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ಮೀಟರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ. ಗಡಿಬಿಡಿಯಲ್ಲಿ ಗವುಸು ಮನೆಯಲ್ಲೇ ಉಳಿಯಿತು.

ಚನ್ನವೀರ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಟೊಪ್ಪಿಗೆ ತೆಗೆದು ಕೂತಿದ್ದ. ಶೆಡ್ಡಿನ ಶಟರ್ ಪೂರ್ತಿ ಇಳಿದಿತ್ತು.

"ಎಡಿ ಎಲ್ಲಿಟ್ರಿ?"

"ಶೆಡ್ಡಿನಾಗ್ರೀ. ಕೂಸಿಗೆ ಹಿರಿಯರ ಎಡಿ ಇಡಂಗಿಲ್ಲ ಅಂತ ಮಂದಿ ಅಂದ್ರು, ಅಕಿ ಕೇಳಲಿಲ್ಲ."

"ನೀಲಾ ಎಲ್ಲಿ?"

"ಒಳಗ ಅಡಿಗಿ ಮನ್ಯಾಗ ಇರಬೇಕ್ರೀ."

ಅಡುಗೆಮನೆ ಖಾಲಿ ಇತ್ತು. ಅವನು ಗೋಡೆಯ ಮೇಲಿನ ಶಟರಿನ ಸ್ವಿಚ್ಚಿಗೆ ಕೈ ಹಾಕಲು ಹೋದ. ನಾನು ಅವನ ಕೈಗೆ ಹೊಡೆದೆ. ಆ ಸ್ವಿಚ್ಚಿನ ಮೋಟಾರು ಶೆಡ್ಡಿನೊಳಗೆ ಸೂರಿನಡಿಯಲ್ಲೇ ಇತ್ತು, ಗ್ಯಾಸು ಸೇರುವ ಜಾಗದಲ್ಲೇ. ಇಬ್ಬರೂ ಸೇರಿ ಕೈಯಿಂದಲೇ ಶಟರನ್ನು ಎರಡು ಗೇಣು ಎತ್ತಿದೆವು, ಅಷ್ಟಕ್ಕೇ ಸಿಕ್ಕಿಕೊಂಡಿತು. ಅದನ್ನು ಎತ್ತುವ ಸರಪಣಿ ಒಳಗಿತ್ತು. ನಾನು ಹೊಟ್ಟೆಯ ಮೇಲೆ ಮಲಗಿ ಒಳಗೆ ತೆವಳಿದೆ.

ಕಾರಿನ ಮುಂದೆ ನೆಲದ ಮೇಲೆ ಬಾಳೆಲೆ. ಅದರಲ್ಲಿ ಶೇಂಗಾ ಹೋಳಿಗೆ, ಮೊಸರನ್ನ, ಒಂದು ಮೂಲೆಯಲ್ಲಿ ಚುರುಮುರಿ ಕಲಸಿದ ಗಿರ್ಮಿಟ್ಟು. ಹಿರಿಯರ ಎಡೆಗೆ ಯಾರೂ ಗಿರ್ಮಿಟ್ಟು ಬಡಿಸುವುದಿಲ್ಲ. ಎಲೆಯ ತಲೆಗೆ ಮಣ್ಣಿನ ದೀಪ ನೆಟ್ಟಗೆ ಉರಿಯುತ್ತಿತ್ತು. ನೆಲದಲ್ಲಿ ಮೀಟರು ಒಂದು ತೋರಿಸಿತು. ಕೈ ಎತ್ತಿ ಹಿಡಿದರೆ ಮೂರೂವರೆ. ಗ್ಯಾಸು ಸೂರಿನಿಂದ ಕೆಳಕ್ಕೆ ತುಂಬಿಕೊಂಡು ಬರುತ್ತಿತ್ತು. ಪೆಟ್ರೋಲಾಗಿದ್ದರೆ ಆ ಆವಿ ನೆಲದಲ್ಲೇ ಹರಿದು ದೀಪ ಹಚ್ಚಿದ ಕ್ಷಣವೇ ಹೊತ್ತಿಕೊಳ್ಳುತ್ತಿತ್ತು. ಜಲಜನಕ ನಮಗೆ ಇನ್ನೂ ಕೆಲವು ನಿಮಿಷ ಕೊಟ್ಟಿತ್ತು. ಹಿಂದಿನ ಕಿಟಕಿಯಲ್ಲಿ ನೀಲಾಳ ತಲೆ ಕಂಡಿತು. ಹೊರಗೆ ಇರಬೇಕಾದವಳು ಮಗಳು ಉಣ್ಣುವುದನ್ನು ನೋಡಲು ಒಳಗೇ ಉಳಿದಿದ್ದಳು.

ದೀಪ ಆರಿಸಲು ಕೈ ಚಾಚಿದೆ. ಆಗ ಉಸಿರು ಎಳೆದುಕೊಂಡೆ.

ಪೇರಲಹಣ್ಣು. ಶಾಲೆಯಿಂದ ಬರುತ್ತ ಮೈನಾ ನಮ್ಮ ಹಿತ್ತಲಿನ ಪೇರಲಹಣ್ಣನ್ನು ಅಂಗಿಯ ಕಿಸೆಯಲ್ಲಿ ತುಂಬಿಕೊಂಡು, ಅರ್ಧ ಕಚ್ಚಿದ್ದನ್ನು ನನ್ನ ಬಾಯಿಗೆ ತುರುಕುತ್ತಿದ್ದಳು. ಹಣ್ಣಿನ ಜೊತೆ ಬಿಸಿಲು, ಸೀಮೆಸುಣ್ಣ, ಅವಳ ಎಂಜಲು. ವಾಸನೆ ಎಂದರೆ ಕಡಿಮೆಯಾಯಿತು. ಅವಳು ನನ್ನ ಭುಜಕ್ಕೆ ಒರಗಿ ನಿಂತಿದ್ದಳು. ತಿರುಗಿ ನೋಡಿದರೆ ಹೋಗಿಬಿಡುತ್ತಾಳೆಂದು ನಾನು ತಿರುಗಲಿಲ್ಲ. ಇದು ಏನು, ಯಾವ ನರದಿಂದ ಎಲ್ಲಿಗೆ ಹೋಗುತ್ತದೆ, ಎಲ್ಲವೂ ಗೊತ್ತಿತ್ತು. ಗೊತ್ತಿದ್ದು ಒಂದು ಕಾಸಿನ ಉಪಯೋಗಕ್ಕೂ ಬರಲಿಲ್ಲ.

ಸೊಂಟದ ಮೀಟರು ಕೂಗಲು ಶುರುಮಾಡಿತು. ನೆಲದಲ್ಲಿ ಎರಡು. ಚಾಚಿದ ಕೈ ದೀಪದ ಹತ್ತಿರ ಹಾಗೇ ನಿಂತಿತು. ಉಣ್ಣುವವರ ಮುಂದೆ ದೀಪ ಆರಿಸುತ್ತಾರೆಯೆ? ಇನ್ನೊಂದು ನಿಮಿಷ, ಒಂದೇ ನಿಮಿಷ. ನಾನು ಕಾಲು ಮಡಚಿಕೊಂಡು ಎಡೆಯ ಮುಂದೆ ಕೂತುಬಿಟ್ಟೆ. ಶಟರಿನ ಆಚೆ ಚನ್ನವೀರ ಕಿರುಚುತ್ತಿದ್ದ. ಯಾರನ್ನೋ ಕರೆಯುತ್ತಿದ್ದಾನೆ ಅನ್ನಿಸಿತು.

ಎರಡೂವರೆ. ಕಾರಿನ ಬಾಗಿಲು ತೆರೆದ ಸದ್ದಾಯಿತು.

"ಅಕ್ಕಾ."

"ಸುಮ್ನಿರ ನೀಲಾ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಉಣ್ಣಾಕತ್ಯಾಳ. ಒಂದೀಟ ತಡಿ."

ನೀಲಾ ಬಗ್ಗಿ ಬಂದು ನನ್ನ ಮುಖ ನೋಡಿದಳು. ಆಮೇಲೆ ಮೀಟರನ್ನು ನೋಡಿದಳು. ಮೂರು. ಅವಳ ಮುಖದಲ್ಲಿ ಅದುವರೆಗೆ ಇದ್ದ ನಗು ಹೋಗಿ, ಎರಡು ವರ್ಷದ ಹಿಂದೆ ಆಸ್ಪತ್ರೆಯ ಬಾಗಿಲಲ್ಲಿ ಕಂಡ ಮುಖ ಬಂತು. ಅವಳಿಗೆ ನಾಲ್ಕರ ಪಾಠ ಹೇಳಿದ್ದು ನಾನೇ. ಈಗ ಅದು ನೆನಪಿದ್ದದ್ದು ಅವಳೊಬ್ಬಳಿಗೆ.

ಅವಳು ಕೈ ಮುಂದೆ ಚಾಚಿ ಎರಡು ಬೆರಳಿನಿಂದ ದೀಪದ ಕುಡಿಯನ್ನು ಚಿವುಟಿದಳು.

"ಏ, ಯಾಕ ಆರಿಸಿದಿ!" ಎಂದು ನಾನು ಅವಳ ಮೇಲೆ ಕೈಯೆತ್ತಿದೆ. ಹೌದು, ಎತ್ತಿದೆ. ವರದಿಯಲ್ಲಿ ಇದನ್ನು ಬರೆದಿಲ್ಲ. ಒಳಹೊಕ್ಕ ಕೂಡಲೆ ದೀಪ ಆರಿಸಲಾಯಿತು ಎಂದು ಬರೆದಿದ್ದೇನೆ, ಕೆಳಗೆ ನನ್ನ ಸಹಿಯಿದೆ.

ಅವಳು ನನ್ನ ಕೈಯನ್ನು ಹಿಡಿದುಕೊಂಡಳು, ಸಿಟ್ಟು ಮಾಡಲಿಲ್ಲ. ಸಿಲಿಂಡರಿನ ತಿರುಪನ್ನು ತಾನೇ ಬಿಗಿ ಮಾಡಿ, ಸರಪಣಿಯ ಹತ್ತಿರ ಹೋಗಿ ತನ್ನ ನಲವತ್ತೇಳು ಕಿಲೋ ಭಾರವನ್ನೆಲ್ಲ ಹಾಕಿ, ನಿಧಾನವಾಗಿ, ಕಬ್ಬಿಣ ಕಬ್ಬಿಣಕ್ಕೆ ಬಡಿಯದ ಹಾಗೆ ಎಳೆದಳು. ಶಟರ್ ಮೊಣಕಾಲಿನಷ್ಟು ಎದ್ದಿತು, ಎದೆಯಷ್ಟು ಎದ್ದಿತು, ಪೂರ್ತಿ ಎದ್ದಿತು. ಅಮಾವಾಸ್ಯೆಯ ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗಿತು. ಸೂರಿನಡಿಯ ಗ್ಯಾಸು ಶಟರಿನ ಮೇಲಂಚಿನಿಂದ ಆಚೆ ಹೋಗಲು ಎಷ್ಟು ಹೊತ್ತು ಬೇಕೆಂದು ನಾನು ನೂರು ಸಲ ಅಳೆದಿದ್ದೇನೆ. ಅಷ್ಟೇ ಹೊತ್ತಾಯಿತು. ಪೇರಲಹಣ್ಣಿನ ವಾಸನೆ ತೆಳ್ಳಗಾಗಿ, ಹಗುರಾಗಿ, ಆಮೇಲೆ ಬರೀ ಎಣ್ಣೆಬತ್ತಿಯ ಹೊಗೆ ಉಳಿಯಿತು.

"ನೀಲಾ, ಅಕಿ ಹೋದ್ಲಲ್ಲೇ" ಎಂದೆ. ಎರಡು ವರ್ಷದ ಅಳು ಒಂದೇ ಸಲಕ್ಕೆ ಬಂತು. ನೆಲಕ್ಕೆ ಹಣೆ ಹಚ್ಚಿ ಅತ್ತೆ. ಚನ್ನವೀರ ಓಡಿ ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟ.

ನೀಲಾ ನನ್ನ ತೋಳಿಗೆ ಕೈ ಹಾಕಿ ಎಬ್ಬಿಸಿದಳು. ಅವಳ ಬೆರಳುಗಳ ತುದಿ ಸುಟ್ಟು ಕೆಂಪಾಗಿತ್ತು.

"ಏಳ ಅಕ್ಕಾ" ಎಂದಳು. "ಅಕಿ ಉಂಡ್ಲು."

ಆಮೇಲೆ ಅವಳು ಎಲೆಯ ಮುಂದೆ ಕೂತು, ಗಿರ್ಮಿಟ್ಟನ್ನು ಮೂರು ಪಾಲು ಮಾಡಿ, ಮೊದಲ ಪಾಲನ್ನು ನನ್ನ ಕೈಗೆ ಹಾಕಿದಳು. ಚುರುಮುರಿ ಮೆತ್ತಗಾಗಿಬಿಟ್ಟಿತ್ತು. ಮೂವರೂ ಅಲ್ಲೇ ಕೂತು ಉಂಡೆವು.